ತೀರಿಕೊಂಡವನಿಗೆ ಕೊಟ್ಟ ಮಾತು

ಫೀನಿ ಕಿಟಕಿಯ ಬಳಿ ಕೂತು ಅಪ್ಪನ ಕರಿ ಕೋಟಿನ ಎಡತೋಳಿಗೆ ಹೊಲಿದಿದ್ದ ಸೂತಕದ ಕಪ್ಪುಪಟ್ಟಿಯನ್ನು ಬಿಚ್ಚುತ್ತಿದ್ದಳು. ಕತ್ತರಿಯ ಮೊನೆಯಿಂದ ಒಂದು ಹೊಲಿಗೆಯನ್ನು ಎತ್ತುವುದು, ಕತ್ತರಿಸುವುದು, ದಾರದ ಚೂರನ್ನು ಎಳೆದು ಮಡಿಲಿನ ಬಟ್ಟೆಯ ಮೇಲೆ ಹಾಕುವುದು. ಅವಸರವಿಲ್ಲ. ಕೆಂಡಲ್ ವಾರಿಂಗ್ಟನ್ ಮೇಜಿನ ಮುಂದೆ ಆರಿದ ಕಾಫಿಯ ಬಟ್ಟಲು ಹಿಡಿದು ಅದನ್ನೇ ನೋಡುತ್ತಿದ್ದ. ಅವಳು ಆ ಪಟ್ಟಿಯನ್ನು ಸರಕ್ಕನೆ ಕಿತ್ತು ಒಲೆಗೆ ಎಸೆದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಅವಳು ಬಟ್ಟೆಗೆ ನೋವಾದೀತು ಎನ್ನುವ ಹಾಗೆ ಬಿಚ್ಚುತ್ತಿದ್ದಳು. ಬಿಚ್ಚಿದ ಜಾಗದಲ್ಲಿ ಕೋಟು ಹೊಸದರಂತೆ ಕಪ್ಪಗಿತ್ತು. ಉಳಿದ ತೋಳು ಒಂದು ತಿಂಗಳ ಧೂಳು ಕುಡಿದು ಮಂಕಾಗಿತ್ತು. ಶನಿವಾರ ಜಾರ್ಜ್‌ಟೌನಿನಲ್ಲಿ ಜಿಲ್ಲೆಯ ದೊಡ್ಡವರೆಲ್ಲ ಸೇರಿ ಅವನ ಗೌರವಕ್ಕೆ ಊಟ ಇಟ್ಟಿದ್ದರು. ಮುಂದಿನ ಚುನಾವಣೆಗೆ ಸೆನೆಟ್ಟಿಗೆ ಅವನ ಹೆಸರನ್ನು ಅಲ್ಲೇ ಎತ್ತುತ್ತಾರೆಂದು ಸುದ್ದಿ. ದೀಪದ ಬೆಳಕಿನಲ್ಲಿ ತೋಳಿನ ಆ ಕರಿ ಗುರುತು ಯಾರಿಗೂ ಕಾಣಲಿಕ್ಕಿಲ್ಲ ಎಂದುಕೊಂಡ. ಬಾಗಿಲ ಪಕ್ಕದಲ್ಲಿ ಹಗ್ಗ ಬಿಗಿದ ಅವಳ ತಗಡಿನ ಪೆಟ್ಟಿಗೆ ಇತ್ತು. ಅದನ್ನು ನೋಡಬಾರದೆಂದೇ ಅವನು ಕೋಟನ್ನು ನೋಡುತ್ತಿದ್ದ. ಇವತ್ತು ಲೆವಿನ್ ಬರುವ ದಿನ. ಅವಳು ಗಂಡನ ಮನೆಗೆ ವಾಪಸು ಹೋಗುವ ದಿನ.

"ಅಷ್ಟೊಂದು ನಾಜೂಕು ಯಾಕಮ್ಮ, ಎಳೆದು ಕಿತ್ತುಬಿಡು," ಎಂದ.

"ಹರಿಯುತ್ತೆ ಅಪ್ಪ," ಎಂದಳು. ಅಷ್ಟೇ.

ಆ ಪಟ್ಟಿಯನ್ನು ಅವನ ತೋಳಿಗೆ ಚುಚ್ಚಿದವನು ಕೆಂಡಲ್ ಮೆಂಬರಾಗಿರುವ ಡೋವರಿನ ಶಾಸನಸಭೆಯ ಬಾಗಿಲು ಕಾಯುವ ಮುದುಕ. ಸಭೆ ನಡೆಯುತ್ತಿರುವಾಗ ಮೆಂಬರೊಬ್ಬ ಸತ್ತರೆ ಉಳಿದವರು ಒಂದು ತಿಂಗಳು ಕಪ್ಪು ಕಟ್ಟುವುದು ಪದ್ಧತಿ. ಸತ್ತವನ ಕುರ್ಚಿಗೂ ಕಪ್ಪು ಹೊದಿಸುತ್ತಾರೆ. ಮುದುಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಬ್ಬೊಬ್ಬರ ತೋಳಿಗೂ ಚುಚ್ಚುತ್ತ ಬಂದವನು ಅವನ ಎದುರು ನಿಂತು ಸೂಜಿಗಳನ್ನು ಅಂಗೈಗೆ ಉಗುಳಿಕೊಂಡು, "ಮೊದಲು ನಿಮಗೆ ಕಟ್ಟಬೇಕಿತ್ತು ಸ್ವಾಮಿ, ನಿಮ್ಮಂಥೋರನ್ನ ನಾನು ಇಲ್ಲಿ ಕಂಡೇ ಇಲ್ಲ," ಅಂದಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಅಧ್ಯಕ್ಷರು ಎದ್ದು ನಿಂತು, ತೀರಿಕೊಂಡವನಿಗೆ ಕೊಟ್ಟ ಮಾತಿಗಾಗಿ ಹೆತ್ತ ಮಗಳನ್ನೂ ಬದಿಗಿಟ್ಟ ಮನುಷ್ಯ ನಮ್ಮ ನಡುವೆ ಕೂತಿದ್ದಾನೆ ಎಂದಾಗ ಆ ಪಕ್ಷದವರು ಈ ಪಕ್ಷದವರು ಎನ್ನದೆ ಎಲ್ಲರೂ ಮೇಜು ಕುಟ್ಟಿದ್ದರು. ಇಷ್ಟು ವರ್ಷದಲ್ಲಿ ಅವನಿಗಾಗಿ ಯಾರೂ ಮೇಜು ಕುಟ್ಟಿರಲಿಲ್ಲ. ಬೀಡಾಡಿ ಹಂದಿಗಳ ಕಾಯಿದೆ ತಂದಾಗ ಕುಟ್ಟಿರಲಿಲ್ಲ. ಜೌಗು ಹೊಲಗಳ ನೀರು ಬಸಿಯಲು ಕಾಲುವೆ ತೋಡಿಸುವ ಕಾಯಿದೆಗೆ ಅವನು ಮೂರು ಅಧಿವೇಶನ ತಿಣುಕಿದ್ದ, ಆಗಲೂ ಕುಟ್ಟಿರಲಿಲ್ಲ. ಕಳ್ಳರನ್ನು ಕಟ್ಟಿ ಹೊಡೆಯುವ ಚಾವಟಿಕಂಬವನ್ನು ತೆಗೆಯಬೇಕೆಂದು ಯಾರೋ ಎದ್ದಾಗ ಅವನು ಬೆವರು ಸುರಿಸಿ ಭಾಷಣ ಮಾಡಿ ಕಂಬವನ್ನು ಉಳಿಸಿಕೊಂಡಿದ್ದ. ಅವತ್ತು ಅರ್ಧ ಜನ ನಿದ್ದೆ ಮಾಡುತ್ತಿದ್ದರು. ಓಟು ಹಾಕದೆ ಸುಮ್ಮನೆ ಕೂತಿದ್ದಕ್ಕೆ ಅವನು ದೊಡ್ಡ ಮನುಷ್ಯನಾದ. ಮೇಜುಗಳ ಆ ಸದ್ದು ಈಗಲೂ ಒಮ್ಮೊಮ್ಮೆ ಮುಂಜಾನೆ ಅರೆನಿದ್ದೆಯಲ್ಲಿ ಕೇಳಿಸುತ್ತಿತ್ತು. ಕೇಳಿಸಿದಾಗ ಸಂತೋಷವಾಗುತ್ತಿತ್ತು, ಅದೇ ಅವನಿಗೆ ಅಸಹ್ಯ.

ಅವನನ್ನು ಮೊದಲ ಸಲ ಗೆಲ್ಲಿಸಿದ ವರ್ಷ ಫೀನಿಗೆ ಏಳು ತುಂಬಿತ್ತು. ಚುನಾವಣೆಯ ಫಲಿತಾಂಶ ಓದುವ ದಿನ ಜಿಲ್ಲೆಗೆ ಜಿಲ್ಲೆಯೇ ಜಾರ್ಜ್‌ಟೌನಿನ ಕಚೇರಿ ಮುಂದೆ ನೆರೆದಿತ್ತು. ಎತ್ತಿನ ಗಾಡಿ, ಕುದುರೆ ಗಾಡಿ, ತಲೆಗೆ ಏನೇನೋ ಸುತ್ತಿಕೊಂಡ ಹುಡುಗರು, ಬೀದಿಯ ಬದಿಯಲ್ಲಿ ಕಡಲ ಸಿಂಪಿ ಹುರಿಯುವ ಹೊಗೆ. ಹೆಂಡತಿ ಹೆಸ್ಟರ್ ಆಗ ಬದುಕಿದ್ದಳು, ಗಾಡಿಯಿಂದ ಇಳಿಯಲಿಲ್ಲ, ಜನ ನೋಡಿದರೆ ಅವಳಿಗೆ ತಲೆ ತಿರುಗುತ್ತಿತ್ತು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನು ಕಚೇರಿಯ ಮೆಟ್ಟಿಲವರೆಗೂ ನುಗ್ಗಿದ್ದ. ಮೇಲಿನಿಂದ ಅವನ ಹೆಸರನ್ನು ಕೂಗಿದಾಗ ಅವಳು ಅವನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ, "ಅಪ್ಪ, ಗೆದ್ದಿರೋದು ನಾವಾ?" ಎಂದು ಕೇಳಿದ್ದಳು. ನಾವೇ ಕಂದ, ನಾವೇ. ಹೆಸ್ಟರ್ ಹೋದ ಮೇಲೆ ಅವಳನ್ನು ಶಾಲೆ ಬಿಡಿಸಿದ. ಮನೆಗೆ ಒಂದು ಹೆಣ್ಣುದಿಕ್ಕು ಬೇಕಿತ್ತು. ಮೇಷ್ಟ್ರು ಬಂದು, ಹುಡುಗಿ ಚೆನ್ನಾಗಿ ಓದ್ತಾಳೆ, ಇನ್ನೊಂದೆರಡು ವರ್ಷ ಬಿಡಿ ಎಂದಾಗ ಅವನು, "ನನ್ನ ಭಾಷಣ ಕೇಳಿದ್ರೆ ಸಾಕು, ಅದೇ ಕಾಲೇಜು," ಎಂದು ನಕ್ಕಿದ್ದ. ನಿಜವಾಗಿಯೂ ಕೇಳಿದ್ದಳು. ಒಲೆಯ ಮುಂದೆ ಹಂದಿಮಾಂಸ ಕೊಚ್ಚುತ್ತ, ಜೋಳದ ಹಿಟ್ಟು ಕಲಸುತ್ತ ಅವನ ಎಲ್ಲ ಭಾಷಣಗಳನ್ನೂ ಅವಳು ಕೇಳಿದ್ದಳು. ಚಾವಟಿಕಂಬದ ಭಾಷಣ ಮುಗಿದಾಗ ಕೈ ಒರೆಸಿಕೊಂಡು, "ಕೋಳಿ ಕದ್ದವನಿಗೆ ಎಷ್ಟು ಏಟು ಅಪ್ಪ?" ಎಂದಿದ್ದಳು. ಅವನು ಹೇಳಿದ್ದ. ಅವಳು ಮತ್ತೆ ಹಿಟ್ಟು ಕಲಸತೊಡಗಿದ್ದಳು. ಲೆವಿನ್‌ನ ಮನೆಯಿಂದ ಬಂದ ದಿನ ಅವಳಿಗೆ ಆ ಪ್ರಶ್ನೆ ನೆನಪಿತ್ತೋ ಇಲ್ಲವೋ, ಅವನಿಗಂತೂ ನೆನಪಾಗಿತ್ತು. ಬಾಗಿಲಲ್ಲಿ ನಿಂತಿದ್ದಳು. ಎರಡೂ ಮುಂಗೈ ಚರ್ಮ ಸುಲಿದು ಗುಲಾಬಿ ಬಣ್ಣವಾಗಿತ್ತು.

ಲೆವಿನ್ ಕಾಲಿನ್ಸ್ ಕುಡಿಯುವವನಲ್ಲ. ಚರ್ಚು ತಪ್ಪಿಸುವವನಲ್ಲ. ಬೇರೆ ಹೆಂಗಸಿನ ಮಾತಿಲ್ಲ. ಪೀಚ್ ತೋಟ, ಹಣ್ಣು ಒಣಗಿಸುವ ಮನೆ, ಆ ಹೋಬಳಿಯ ಓಟಿನಲ್ಲಿ ಮುಕ್ಕಾಲು ಪಾಲು ಅವನ ಅಣ್ಣತಮ್ಮಂದಿರ ಕೈಯಲ್ಲಿ. ಅಂಥ ಮನೆಗೆ ಮಗಳನ್ನು ಕೊಟ್ಟಾಗ ಕೆಂಡಲ್ ಲೆಕ್ಕ ಹಾಕಿರಲಿಲ್ಲ ಎನ್ನುವಂತಿಲ್ಲ. ಕಳೆದ ಆಗಸ್ಟಿನಲ್ಲಿ, ಒಂದು ತಟ್ಟೆ ಹಣ್ಣು ಕರಿಕಾಯಿತೆಂದು, ಒಣಗಿಸುವ ಮನೆಯೊಳಗೆ ಅವಳನ್ನು ನಿಲ್ಲಿಸಿ, ಕೆಳಗೆ ಒಲೆ ಉರಿಯುತ್ತಿರುವಾಗಲೇ ಹೊರಗಿನಿಂದ ಚಿಲಕ ಹಾಕಿ ಲೆವಿನ್ ಊಟಕ್ಕೆ ಹೋಗಿದ್ದ. ಊಟ ಮಾಡಿ, ಒಂದು ನಿದ್ದೆ ತೆಗೆದು, ಬಂದು ತೆಗೆದಿದ್ದ. ಹೊಡೆದಿರಲಿಲ್ಲ, ಬೈದಿರಲಿಲ್ಲ. "ಈಗ ಗೊತ್ತಾಯ್ತಾ ಎಷ್ಟು ಹೊತ್ತಿಗೆ ಕರಿಕಾಗುತ್ತೆ ಅಂತ?" ಎಂದಷ್ಟೇ ಕೇಳಿದ್ದನಂತೆ. ಇಂಥದ್ದಕ್ಕೆ ನ್ಯಾಯಾಲಯದಲ್ಲಿ ಮದುವೆಯಿಂದ ಬಿಡುಗಡೆ ಇಲ್ಲ. ನ್ಯಾಯಾಲಯ ಕೊಡಲಾಗದ ಬಿಡುಗಡೆಯನ್ನು ಶಾಸನಸಭೆ ಕೊಡಬಹುದು. ಒಂದು ಹೆಣ್ಣಿಗೆ ಒಂದು ಬಿಲ್ಲು, ಅಂದರೆ ಒಂದು ಮಸೂದೆ, ಹೆಸರು ಹಿಡಿದು. ಅವಳೇ ಬಾಯಿಬಿಟ್ಟು ಕೇಳಿದ್ದಳು. ಹುಟ್ಟಿದಂದಿನಿಂದ ಅವಳು ಅವನನ್ನು ಏನಾದರೂ ಕೇಳಿದ್ದಿದ್ದರೆ ಅದೊಂದೇ. "ನೀವು ಅಲ್ಲೇ ಇರ್ತೀರಲ್ಲಪ್ಪ," ಎಂದಿದ್ದಳು.

ಅವನು ಅಲ್ಲೇ ಇದ್ದ. ಗುಮಾಸ್ತ ಓದುವಾಗಲೂ ಇದ್ದ. ಟ್ರೈಫೀನಾ ಕಾಲಿನ್ಸ್, ತವರಿನ ಹೆಸರು ವಾರಿಂಗ್ಟನ್, ಎಂದು ಗುಮಾಸ್ತ ಮೂಗಿನಲ್ಲಿ ಓದಿದ. ಅದಕ್ಕಿಂತ ಮುಂಚೆ ಓದಿದ್ದು ಆಮೆ ಹಿಡಿಯುವ ಕಾಲದ ಬಿಲ್ಲು, ಆಮೇಲೆ ಓದಿದ್ದು ಗಿರಣಿಯ ಒಡ್ಡಿನದು. ಬಾಲ್ಕನಿಯಲ್ಲಿ ಇಬ್ಬರು ಹೆಂಗಸರು ಬಗ್ಗಿ ನೋಡಿದರು. ಕೋಟು ತೂಗುಹಾಕುವ ಕೋಣೆಯಲ್ಲಿ ನಾಲ್ಕು ಜನ ತಂಬಾಕು ಜಗಿಯುತ್ತ ನಿಂತಿದ್ದರು. ಅವರಲ್ಲೊಬ್ಬ, "ಒಣಗಿಸೋ ಮನೇಲಿ ಒಂದು ಮಧ್ಯಾಹ್ನ ಇಟ್ರೆ ಏನಂತೆ? ನಮ್ಮ ಕಡೆ ಹಾಗೇ ಇಟ್ಟು ಚಳಿಗಾಲಕ್ಕೆ ಮಾರ್ತಾರೆ," ಎಂದ. ಎಲ್ಲರೂ ನಕ್ಕರು. ಕೆಂಡಲ್ ಬಾಗಿಲಲ್ಲಿದ್ದ. ಅವನೂ ನಕ್ಕ. ಮಾತು ಯಾರ ಬಗ್ಗೆಯೆಂದು ತಲೆಗೆ ಮುಟ್ಟುವ ಮೊದಲೇ ಬಾಯಿ ನಕ್ಕುಬಿಟ್ಟಿತ್ತು. ಇಷ್ಟು ವರ್ಷ ಆ ಕೋಣೆಯಲ್ಲಿ ನಕ್ಕು ನಕ್ಕು ಅದಕ್ಕೆ ರೂಢಿಯಾಗಿತ್ತು. ಅವರು ತಿರುಗಿ ನೋಡಿ, ಅವನೆಂದು ಗೊತ್ತಾಗಿ, ಒಬ್ಬ ತಲೆ ತಗ್ಗಿಸಿದ. ತಗ್ಗಿಸಿದವನ ಮೇಲೆಯೇ ಅವನಿಗೆ ಹೆಚ್ಚು ಸಿಟ್ಟು ಬಂತು. ಅವತ್ತಿನಿಂದ ಆ ಬಿಲ್ಲು ಓಟಿಗೆ ಹಾಕುವ ಮೂರನೆಯ ಓದಿಗೆ ಬಾರದೆ ಹೋದರೆ ಸಾಕು, ಇಲ್ಲವೇ ಬರುವ ದಿನ ತನಗೆ ಜ್ವರ ಬಂದರೆ ಸಾಕು ಎನಿಸತೊಡಗಿತ್ತು. ಗುಮಾಸ್ತ ಅಕ್ಷರಮಾಲೆಯ ಪ್ರಕಾರ ಹೆಸರು ಕೂಗುತ್ತ ಬರುತ್ತಾನೆ. ವಾರಿಂಗ್ಟನ್ ಕೊನೆಯ ಹೆಸರು. ಎಲ್ಲರೂ ತಿರುಗುತ್ತಾರೆ. ಆಗ ಅವನು ಎದ್ದು, ಹೌದು, ನನ್ನ ಮಗಳನ್ನು ಒಣಗಿಸುವ ಮನೆಯಲ್ಲಿಟ್ಟಿದ್ದರು, ಹೌದು, ಎನ್ನಬೇಕು.

ಅಂಥ ದಿನಗಳಲ್ಲಿ ಐಸಾಕ್ ಪರ್ನೆಲ್‌ಗೆ ಎದೆನೋವು ಬಂತು. ಪರ್ನೆಲ್ ಎದುರು ಪಕ್ಷದವನು, ಮೇಲಿನ ಜಿಲ್ಲೆಯವನು, ಚರ್ಚಿನ ಹಿರಿಯ, ಮದುವೆ ಮುರಿಯುವ ಯಾವ ಬಿಲ್ಲಿಗೂ ಯಾವತ್ತೂ ಹೂಂ ಅಂದವನಲ್ಲ. ಒಬ್ಬ ಮೆಂಬರು ಊರಿಗೆ ಹೋಗಲೇಬೇಕಾದಾಗ ಎದುರು ಪಕ್ಷದ ಒಬ್ಬ, ನೀನು ಬರುವವರೆಗೆ ನಾನೂ ಓಟು ಹಾಕುವುದಿಲ್ಲ ಎಂದು ಕೈಮೇಲೆ ಕೈಯಿಟ್ಟು ಹೇಳುತ್ತಾನೆ. ಇದಕ್ಕೆ ಜೋಡಿ ಎನ್ನುತ್ತಾರೆ. ಕಾಗದವಿಲ್ಲ, ಸಾಕ್ಷಿಯಿಲ್ಲ; ಮುರಿದವನ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ. ಹೋಟೆಲಿನ ಮೆಟ್ಟಿಲ ಮೇಲೆ ಪರ್ನೆಲ್ ಶಾಲು ಹೊದ್ದು, ಗಾಡಿಗೆ ಕಾಯುತ್ತ, ಉಸಿರಿಗೆ ಒದ್ದಾಡುತ್ತ ಕೂತಿದ್ದ. ಕೆಂಡಲ್ ತಾನಾಗಿಯೇ ಹೋಗಿ ಪಕ್ಕದಲ್ಲಿ ಕೂತ. ಅಲ್ಲಿಯವರೆಗೆ ಎಲ್ಲವೂ ಸ್ಪಷ್ಟವಾಗಿ ನೆನಪಾಗುತ್ತಿತ್ತು: ಮೆಟ್ಟಿಲಿನ ತಣ್ಣನೆ ಕಲ್ಲು, ಪರ್ನೆಲ್‌ನ ನೀಲಿಗಟ್ಟಿದ ತುಟಿ, ಹೋಟೆಲಿನವನು ಯಾರಿಗೋ ಕೆಮ್ಮಿನ ಔಷಧಿ ತರಲು ಕೂಗುತ್ತಿದ್ದುದು. ಅಲ್ಲಿಂದ ಮುಂದೆ ಮನಸ್ಸು ಹೆದರಿದ ಕುದುರೆಯ ಹಾಗೆ ಪಕ್ಕಕ್ಕೆ ಸರಿಯುತ್ತಿತ್ತು. ಕೈ ಕೊಟ್ಟದ್ದು ನಿಜ. ಜೋಡಿ ಆದದ್ದು ನಿಜ. ಮೂರು ದಿನ ಬಿಟ್ಟು ಬಿಲ್ಲು ಬಂದಾಗ ಗುಮಾಸ್ತ ಕೊನೆಯ ಹೆಸರು ಕೂಗಿದ. ಅವನು ಎದ್ದು, "ನಾನು ಪರ್ನೆಲ್ ಅವರ ಜೋಡಿ, ಓಟು ಹಾಕುವಂತಿಲ್ಲ," ಎಂದು ಕೂತ. ಎಣಿಸಿದರೆ ಎರಡೂ ಕಡೆ ಸಮಸಮ. ಸಮವಾದರೆ ಬಿಲ್ಲು ಬೀಳುತ್ತದೆ. ಮಧ್ಯಾಹ್ನ ತಂತಿ ಬಂತು: ಪರ್ನೆಲ್ ಅವತ್ತು ಬೆಳಕು ಹರಿಯುವ ಮೊದಲೇ ತೀರಿಕೊಂಡಿದ್ದ. ಕೆಂಡಲ್ ಜೋಡಿ ನಿಂತದ್ದು ಹೆಣಕ್ಕೆ. ಹಾಗೆಂದು ಯಾರೂ ಅವನನ್ನು ಹಳಿಯಲಿಲ್ಲ, ಮೇಜು ಕುಟ್ಟಿದರು.

ಆ ಸಂಜೆ ಲೆವಿನ್ ಹೋಟೆಲಿಗೆ ಬಂದಿದ್ದ. ಸುತ್ತ ಜನ ಇದ್ದರು, ಒಬ್ಬರಾದ ಮೇಲೊಬ್ಬರು ಕೆಂಡಲ್‌ನ ಕೈ ಕುಲುಕುತ್ತಿದ್ದರು. ಲೆವಿನ್ ಟೋಪಿ ತೆಗೆದು, ಎಲ್ಲರಿಗೂ ಕೇಳುವ ಹಾಗೆ, "ಮಾವ, ನಿಮ್ಮ ಮಾತು ಅಂದ್ರೆ ಮಾತು. ನನ್ನ ಹೆಂಡತೀನ ಯಾವಾಗ ಕಳಿಸ್ತೀರಿ ಹೇಳಿ, ಅಲ್ಲೀವರೆಗೆ ನಾನು ನಿಮ್ಮ ಮನೆ ಮೆಟ್ಟಿಲು ತುಳಿಯಲ್ಲ," ಎಂದ. ಜನ ಕೆಂಡಲ್‌ನ ಬಾಯಿ ನೋಡುತ್ತಿದ್ದರು. ಮುಸುಕಿನ ಜೋಳ ಬಿತ್ತನೆ ಮುಗಿಯಲಿ, ಬಂದು ಕರ್ಕೊಂಡು ಹೋಗು, ಎಂದುಬಿಟ್ಟ. ಬಿತ್ತನೆ ಮುಗಿದಿತ್ತು.

ಮನೆಗೆ ಬಂದ ದಿನ ಅವಳಿಗೆ ಹೇಳಲು ಅವನು ರೈಲಿನಲ್ಲೆಲ್ಲ ಮಾತು ಜೋಡಿಸಿಕೊಂಡಿದ್ದ. "ಕೈ ಕಟ್ಟಿಹಾಕಿತ್ತಮ್ಮ. ಮಾತು ಕೊಟ್ಟಿದ್ದೆ." ಅವಳು ಅವನ ತೋಳಿನ ಪಟ್ಟಿಯ ಕಡೆ ನೋಡಿ, "ಸರಿ ಅಪ್ಪ," ಎಂದಿದ್ದಳು. ಗುಂಡುಸೂಜಿ ತೆಗೆದು ಪಟ್ಟಿಯನ್ನು ನೆಟ್ಟಗೆ ಹೊಲಿದುಕೊಟ್ಟಿದ್ದಳು. ಅವಳು ಅತ್ತಿದ್ದರೆ ಸಮಾಧಾನ ಹೇಳಲು ಅವನಲ್ಲಿ ಇನ್ನೂ ಮಾತು ಉಳಿದಿತ್ತು. ಆ ಮಾತುಗಳು ಹಾಗೇ ಉಳಿದವು.

ಹೊರಗೆ ಗಾಡಿಯ ಸದ್ದಾಯಿತು. ಅವನು ಎದ್ದ ರಭಸಕ್ಕೆ ಬಟ್ಟಲು ಮಗುಚಿ ಕಾಫಿ ಮೇಜಿನ ಮೇಲೆ ಹರಿಯಿತು. ಫೀನಿ ಕೈ ನಿಲ್ಲಿಸಿ ಕಿಟಕಿಯಿಂದ ನೋಡಿ, "ಅವರಲ್ಲ. ಯಾರೋ ಹೆಂಗಸು," ಎಂದಳು. ರೈಲು ನಿಲ್ದಾಣದ ಬಾಡಿಗೆ ಗಾಡಿ. ಮೈತುಂಬ ಕಪ್ಪು ಉಟ್ಟ, ದುಂಡನೆಯ ಹೆಂಗಸೊಬ್ಬಳು ಒಂದು ಕೈಯಲ್ಲಿ ಲಂಗವನ್ನೂ ಇನ್ನೊಂದರಲ್ಲಿ ಬೆಳ್ಳಿ ಹಿಡಿಯ ಕೋಲನ್ನೂ ಹಿಡಿದು ಇಳಿಯುತ್ತಿದ್ದಳು. ಕೋಲನ್ನು ನೋಡಿದ ಮೇಲೆ ಕೆಂಡಲ್‌ಗೆ ಯಾರೆಂದು ಗೊತ್ತಾಯಿತು. ಹೋಟೆಲಿನ ಮೆಟ್ಟಿಲ ಮೇಲೆ ಅದು ಪರ್ನೆಲ್‌ನ ಮೊಣಕಾಲ ಮೇಲೆ ಅಡ್ಡ ಮಲಗಿತ್ತು.

"ನಾನು ಕೆಸಾಯಾ ಪರ್ನೆಲ್, ಐಸಾಕ್ ಅವರ ಮನೆಯವಳು," ಎಂದು ಅವಳು ಬಾಗಿಲಲ್ಲೇ ಶುರುಮಾಡಿದಳು. "ಮೊದಲೇ ಹೇಳಿ ಕಳಿಸ್ಬೇಕಿತ್ತು, ಗೊತ್ತು. ತಂಗಿ ಮನೆಗೆ ಹೊರಟಿದ್ದೆ, ಸಮುದ್ರದ ಕಡೆ. ನಿಮ್ಮೂರ ಹೆಸರು ಕೂಗಿದ್ರು ನೋಡಿ, ಇಳಿದೇಬಿಟ್ಟೆ. ನನ್ನ ಪೆಟ್ಟಿಗೆ ರೈಲಲ್ಲೇ ಹೋಯ್ತು! ಹೋಗ್ಲಿ, ತಂಗಿ ಇಳಿಸ್ಕೋತಾಳೆ."

"ಬನ್ನಿ ತಾಯಿ, ಕೂತ್ಕೊಳ್ಳಿ," ಎಂದ ಕೆಂಡಲ್. ತನ್ನ ಧ್ವನಿ ಸಭೆಯ ಧ್ವನಿಯಾಗಿದ್ದುದು ಅವನಿಗೇ ಕೇಳಿಸಿತು. "ನಿಮ್ಮ ಯಜಮಾನ್ರಂಥವರು..."

"ಅದೆಲ್ಲ ಬೇಡಿ. ಪಾದ್ರಿಗಳು ಅದನ್ನೇ ಹೇಳಿ ಹೇಳಿ ನನ್ನ ತಲೆ ತಿಂದಿದಾರೆ. ಬದುಕಿದ್ದಾಗ ಅವರ ಗೊರಕೆಗೆ ನಾನು ಬೇರೆ ಕೋಣೇಲಿ ಮಲಗ್ತಿದ್ದೆ. ಈಗ ನಿದ್ದೆ ಬರಲ್ಲ." ಕೂತಳು, ಕೈಗವಸು ಬಿಚ್ಚಿದಳು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕಡೆ ಚಾಚಿದಳು. "ಇದು ನಿಮಗೆ. ನಮ್ಮ ಮೈದುನ ಕಣ್ಣು ಹಾಕಿದ್ದ, ಕೊಡಲಿಲ್ಲ. ಅವರ ಮಾತು ಉಳಿಸಿದೋರು ನೀವು, ನಿಮ್ಮ ಕೈಯಲ್ಲಿ ಇರ್ಲಿ."

ಅವನು ತೆಗೆದುಕೊಂಡ. ಹಿಡಿ ಅವಳ ಕೈಯ ಶಾಖಕ್ಕೆ ಬೆಚ್ಚಗಿತ್ತು. ಏನಾದರೂ ಹೇಳಬೇಕಿತ್ತು. ಇಂಥ ಸಂದರ್ಭಕ್ಕೆಂದೇ ಅವನಲ್ಲಿ ಎಷ್ಟೋ ಮಾತುಗಳಿದ್ದವು, ಶನಿವಾರದ ಊಟಕ್ಕೂ ಕೆಲವನ್ನು ತೆಗೆದಿಟ್ಟಿದ್ದ. ಅಷ್ಟರಲ್ಲಿ ಕೆಸಾಯಾಳ ಕಣ್ಣು ಕಿಟಕಿಯ ಕಡೆ ಹೋಯಿತು. ಫೀನಿ ಎದ್ದು ನಿಂತು ಕಾಫಿ ಚೆಲ್ಲಿದ ಮೇಜನ್ನು ಒರೆಸಲು ತೋಳು ಮಡಿಸುತ್ತಿದ್ದಳು. ಮುಂಗೈಯ ಹೊಳೆಯುವ ಚರ್ಮ ಕಂಡಿತು.

"ಓ, ಇವಳೇನಾ ಮಗಳು?" ಕೆಸಾಯಾಳ ಮುಖ ಅರಳಿತು. "ಬಾರೇ ಇಲ್ಲಿ, ನೋಡ್ತೀನಿ. ನಮ್ಮೋರು ಸಾಯೋ ಮುಂಚೆ ನಿನ್ನ ಮಾತೇ ಆಡ್ತಿದ್ರು, ಗೊತ್ತಾ? ಬಂದಿಳಿದ ದಿನ ಹಾಸಿಗೆ ಮೇಲೆ ಕೂತು ಹೇಳಿದ್ರು, ಕೆಸಾಯಾ, ನಾನು ಜೀವಮಾನದಲ್ಲಿ ಒಂದು ಮದುವೆ ಮುರಿಯೋ ಬಿಲ್ಲಿಗೂ ಓಟು ಹಾಕಿದೋನಲ್ಲ, ಆ ಹುಡುಗಿ ಅರ್ಜಿ ಓದಿದ ಮೇಲೆ ನಿದ್ದೆ ಬಂದಿಲ್ಲ, ಅಂತ. ನಮಗೂ ಇಬ್ಬರು ಹೆಣ್ಣುಮಕ್ಕಳು ಕಣಮ್ಮ. ಹೂಂ ಅನ್ನೋಕೆ ಮನಸ್ಸು ಒಪ್ಪಲಿಲ್ಲವಂತೆ, ಊಹೂಂ ಅನ್ನೋಕೂ ಒಪ್ಪಲಿಲ್ಲವಂತೆ. ಅದಕ್ಕೇ ನಿಮ್ಮಪ್ಪನಿಗೆ ಹೇಳಿ ಬಂದಿದ್ರಂತೆ, ಉಳಿದ ಎಲ್ಲಾದಕ್ಕೂ ಜೋಡಿ, ಮಗಳ ಬಿಲ್ಲಿಗೆ ಮಾತ್ರ ನೀವು ಎದ್ದು ಓಟು ಹಾಕಿ, ನನ್ನ ಅಡ್ಡಿ ಇಲ್ಲ ಅಂತ. ಕೊನೇ ರಾತ್ರೀಲೂ ಕೇಳಿದ್ರು, ಆ ಹುಡುಗಿ ಬಿಲ್ಲು ಏನಾಯ್ತು, ತಂತಿ ಬಂತಾ ಅಂತ." ಅವಳು ಫೀನಿಯ ಕೈ ಹಿಡಿದುಕೊಂಡಳು. "ಆಮೇಲೆ ನನಗೆ ಈ ಲೋಕದ್ದೇ ಖಬರಿರ್ಲಿಲ್ಲ, ಪೇಪರು ಮುಟ್ಟಲಿಲ್ಲ. ಅವರ ಮಾತು ಉಳಿಸಿದ್ರು ಅಂತ ಬಂದೋರೆಲ್ಲ ನಿಮ್ಮಪ್ಪನ್ನ ಹೊಗಳಿದ್ರು, ಅಷ್ಟೇ ಗೊತ್ತು. ನಿನಗೆ ಬಿಡುಗಡೆ ಆಯ್ತು ತಾನೇ?"

ಮೇಜಿನ ಅಂಚಿನಿಂದ ಕಾಫಿ ತೊಟ್ಟಿಕ್ಕುತ್ತಿತ್ತು. ಆ ಮೆಟ್ಟಿಲು, ಆ ನೀಲಿ ತುಟಿ, ಅಲ್ಲಿಂದ ಮುಂದಿನದೆಲ್ಲ ಕೆಂಡಲ್‌ನ ಎದುರು ಯಾವ ಮಸುಕೂ ಇಲ್ಲದೆ ನಿಂತಿತು. ಪರ್ನೆಲ್ ಉಸಿರೆಳೆದುಕೊಂಡು, ನಿಮ್ಮ ಮಗಳ ಬಿಲ್ಲಿಗೆ ಜೋಡಿ ಬೇಡ ವಾರಿಂಗ್ಟನ್, ಎಂದಿದ್ದ. ಅವನು ಪರ್ನೆಲ್‌ನ ಶಾಲನ್ನು ಹೆಗಲ ಮೇಲೆ ಸರಿಯಾಗಿ ಹೊದಿಸುತ್ತ, ಅದೆಲ್ಲ ಈಗ ತಲೆಗೆ ಹಚ್ಕೋಬೇಡಿ, ಎಲ್ಲಾದಕ್ಕೂ ಇರ್ಲಿ, ನೀವು ನಿಶ್ಚಿಂತೆಯಾಗಿ ಹೋಗಿ, ಎಂದಿದ್ದ. ಎಷ್ಟು ಮೃದುವಾಗಿ ಹೇಳಿದ್ದ! ಗಾಡಿ ಮರೆಯಾದಾಗ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಒಳಗೆ ಹೋಗಿ ಹೊಟ್ಟೆ ತುಂಬ ಸಿಂಪಿ ತಿಂದಿದ್ದ.

"ಇಲ್ಲಮ್ಮ," ಎಂದಳು ಫೀನಿ. "ಬಿಲ್ಲು ಬಿದ್ದೋಯ್ತು. ಒಂದು ಓಟಲ್ಲಿ."

"ಯಾವ ಪಾಪಿ ಅವನು..." ಎಂದು ಕೆಸಾಯಾ ಶುರುಮಾಡಿದವಳು ಅವನ ಮುಖ ನೋಡಿದಳು. ಅವನ ಕೈಯಲ್ಲಿದ್ದ ಕೋಲನ್ನು ನೋಡಿದಳು. ಆಮೇಲೆ ಮೆಲ್ಲಗೆ ಫೀನಿಯ ಕೈ ಬಿಟ್ಟು ತನ್ನ ಕೈಗವಸುಗಳನ್ನು ಹುಡುಕತೊಡಗಿದಳು. ಅವು ಅವಳ ಮಡಿಲಲ್ಲೇ ಇದ್ದವು.

ಫೀನಿ ಮೇಜನ್ನು ಒರೆಸಿದಳು. ಬಟ್ಟೆಯನ್ನು ಹಿಂಡಿದಳು. ಅವಳು ಈಗ ತಿರುಗುತ್ತಾಳೆ, ಈಗ ಕೂಗುತ್ತಾಳೆ ಎಂದು ಅವನು ಬೆನ್ನು ಬಿಗಿಮಾಡಿಕೊಂಡು ನಿಂತಿದ್ದ. ಅವಳು ಕೂಗಿದರೆ ತಾನೂ ಕೂಗಬಹುದಿತ್ತು. ನಿನಗೇನು ಗೊತ್ತು, ನೀನು ಶಾಲೆ ಮುಗಿಸಿದವಳಲ್ಲ, ಸಭೆಯ ವ್ಯವಹಾರ ನಿನಗೇನು ಗೊತ್ತು, ಎನ್ನಬಹುದಿತ್ತು. ಶಾಲೆ ಬಿಡಿಸಿದವನು ತಾನೇ ಎಂಬುದು ಸಹ ಅದರ ಬೆನ್ನಿಗೇ ಹೊಳೆಯಿತು. ಅವಳು ಕೂಗಲಿಲ್ಲ. ಕೋಟನ್ನು ಕೊಡವಿ, ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಹೊಸದೇನನ್ನೂ ಕೇಳದವಳ ಹಾಗಿದ್ದಳು. ಇವಳಿಗೆ ಗೊತ್ತಿತ್ತೇ? ಪಟ್ಟಿ ಹೊಲಿಯುವಾಗಲೇ ಗೊತ್ತಿತ್ತೇ? ಹೆಗಲ ಮೇಲೆ ಕೂತು ಕೂದಲು ಹಿಡಿದ ದಿನದಿಂದ ಇವಳು ತನ್ನನ್ನು ನೋಡುತ್ತಲೇ ಬಂದಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಭಾಷಣ ಕೇಳುತ್ತಿದ್ದಾಳೆಂದು ಅವನು ತಿಳಿದಿದ್ದ, ಅವಳು ನೋಡುತ್ತಿದ್ದಳು.

ಈ ಸಲ ಬಂದದ್ದು ಲೆವಿನ್‌ನ ಗಾಡಿಯೇ. ಎರಡು ಹೇಸರಗತ್ತೆ, ಹಿಂದೆ ಹೊಟ್ಟು ತುಂಬಿದ ಪೀಚ್ ಬುಟ್ಟಿಗಳು. ಒಗೆದ ಅಂಗಿ ಹಾಕಿದ್ದ, ಕ್ಷೌರ ಮಾಡಿಕೊಂಡಿದ್ದ. ಬಾಗಿಲಲ್ಲಿ ಟೋಪಿ ತೆಗೆದು ನಿಂತ.

"ನಮಸ್ಕಾರ ಮಾವ. ಗಿರಣೀಲಿ ಹೊಟ್ಟು ತುಂಬಿಸ್ಕೊಂಡು ಬರೋದು ತಡ ಆಯ್ತು. ನಿಮ್ಮ ತೋಟದಲ್ಲಿ ಈ ವರ್ಷ ಕಾಯಿ ಚೆನ್ನಾಗಿ ಕಚ್ಚಿದೆ, ನೋಡ್ತಾ ಬಂದೆ." ಕೆಸಾಯಾಳಿಗೂ ತಲೆ ಬಾಗಿಸಿದ. "ಶನಿವಾರ ನಮ್ಮ ಮನೆಯಿಂದ ನಾವು ಅಣ್ಣತಮ್ಮಂದಿರೆಲ್ಲ ಬರ್ತೀವಿ. ದೊಡ್ಡಣ್ಣ ಹೇಳ್ತಿದ್ದ, ಸೆನೆಟ್ಟಿಗೆ ನಮ್ಮ ಹೋಬಳಿ ಪೂರ್ತಿ ಮಾವನಿಗೇ ಅಂತ."

"ಒಳಗೆ ಬಾ," ಎನ್ನುವುದು ಕೆಂಡಲ್‌ನ ಬಾಯಿಗೆ ಬಂತು. ಅಂದನೋ ಇಲ್ಲವೋ ತಿಳಿಯಲಿಲ್ಲ.

"ಇಲ್ಲ ಮಾವ, ಹೊರಡ್ಬೇಕು. ಬೆಳಕಿದ್ದಾಗಲೇ ಸೇರ್ಕೋಬೇಕು. ಫೀನಿ, ಇದೊಂದೇನಾ ಪೆಟ್ಟಿಗೆ?" ಅವನು ಬಗ್ಗಿ ಪೆಟ್ಟಿಗೆಯನ್ನು ಎತ್ತಿದ, ಅದರ ಹಗುರಕ್ಕೆ ನಕ್ಕ. "ಏನೂ ಇಲ್ಲವಲ್ಲೇ ಇದರಲ್ಲಿ." ಎತ್ತಿಕೊಂಡು ಗಾಡಿಯ ಕಡೆ ನಡೆದ. ಆ ನಗು ಒಳ್ಳೆಯ ನಗುವಿನ ಹಾಗೇ ಇತ್ತು. ಯಾವ ಸಭೆಯೂ ಅವನಲ್ಲಿ ತಪ್ಪು ಹುಡುಕಲಾರದು. ಸಭೆ ಮತ್ತೆ ಸೇರುವುದು ಇನ್ನೆರಡು ವರ್ಷಕ್ಕೆ. ಅಷ್ಟರಲ್ಲಿ ಎರಡು ಆಗಸ್ಟುಗಳು ಬರುತ್ತವೆ.

ಕೆಂಡಲ್ ಹೊರಗೆ ಬಂದ. ಕೋಲು ಕೈಯಲ್ಲೇ ಇತ್ತು, ಎಲ್ಲಿಡಬೇಕೆಂದು ತಿಳಿಯದೆ ಊರಿಕೊಂಡು ನಿಂತ. ಅವನ ಹಿಂದೆ ಕೆಸಾಯಾ ಬಾಗಿಲಿನ ಚೌಕಟ್ಟಿಗೆ ಆತು ನಿಂತಳು. ಬಾಡಿಗೆ ಗಾಡಿಯವನು ಬೇಲಿಯ ಬಳಿ ಹುಲ್ಲುಕಡ್ಡಿ ಕಚ್ಚುತ್ತ ಎಲ್ಲರನ್ನೂ ನೋಡುತ್ತಿದ್ದ. ಶನಿವಾರದೊಳಗೆ ಇದೆಲ್ಲ ಜಿಲ್ಲೆಗೆ ತಲುಪುತ್ತದೆ, ಏನು ತಲುಪುತ್ತದೆ, ಹೇಗೆ ತಲುಪುತ್ತದೆ, ಎಂದು ಆ ಹೊತ್ತಿನಲ್ಲೂ ತನ್ನ ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕುತ್ತಿರುವುದು ಅವನಿಗೆ ಗೊತ್ತಾಯಿತು. ಅವಳನ್ನು ತಡೆಯಲು ಒಂದು ಮಾತು ಸಾಕು. ಲೆವಿನ್ ಹೊಡೆಯುವವನಲ್ಲ, ಕೂಗಾಡುವವನಲ್ಲ. ಟೋಪಿ ಹಾಕಿಕೊಂಡು ಹೋಗುತ್ತಾನೆ, ಅಣ್ಣತಮ್ಮಂದಿರಿಗೆ ಹೇಳುತ್ತಾನೆ. ಅಷ್ಟೇ. ಅಷ್ಟೇ ಎನ್ನುವುದು ಎಷ್ಟೆಂದು ಅವನಿಗೆ ಗೊತ್ತಿತ್ತು.

ಫೀನಿ ಬಿಸಿಲಿನ ಟೋಪಿಯ ದಾರ ಕಟ್ಟಿಕೊಂಡು ಅವನನ್ನು ದಾಟಿ ಹೋದಳು. ಗಾಡಿಯ ಮೆಟ್ಟಿಲಿಗೆ ಒಂದು ಕಾಲಿಟ್ಟವಳು ತೆಗೆದಳು. ತಿರುಗಿ ಅವನ ಹತ್ತಿರ, ಬಹಳ ಹತ್ತಿರ ಬಂದು ನಿಂತಳು. ಅವಳ ಧ್ವನಿ ಮೊದಲಿನಿಂದಲೂ ಸಣ್ಣದು. ಆದರೂ ಎಲ್ಲರಿಗೂ ಕೇಳಿಸಿತು.

"ಅಪ್ಪ. ನಾನು ಹೋಗೋದು ನಿಮಗೆ ಬೇಡ ಅಂತಿದ್ರೆ, ಬೇಡ ಅನ್ನಿ."

ಲೆವಿನ್ ಹಗ್ಗ ಬಿಗಿಯುತ್ತಿದ್ದ ಕೈಯನ್ನು ನಿಲ್ಲಿಸಿ, ಸಿಟ್ಟಿಲ್ಲದೆ, ವ್ಯಾಪಾರದಲ್ಲಿ ಎದುರಿನವನ ಬೆಲೆಗೆ ಕಾಯುವವನ ಹಾಗೆ ನೋಡಿದ. ಕೆಂಡಲ್‌ನ ಬಾಯಿ ತೆರೆಯಿತು. ಕಾಲುವೆಯ ಬಗ್ಗೆ, ಹಂದಿಗಳ ಬಗ್ಗೆ, ಚಾವಟಿಯ ಬಗ್ಗೆ, ಸತ್ತವರ ಬಗ್ಗೆ ಆಡಿದ್ದ ಮಾತೆಲ್ಲ ಆ ಬಾಯಿಯದೇ. ಹೇಸರಗತ್ತೆಯೊಂದು ನೊಣಕ್ಕೆ ಕಿವಿ ಕೊಡವಿತು. ಕೆಸಾಯಾ ನೆಲ ನೋಡುತ್ತಿದ್ದಳು.

"ಜೋರಾಗಿ ಅನ್ನೋದು ಬೇಡ ಅಪ್ಪ," ಎಂದಳು ಫೀನಿ. "ನನಗೊಬ್ಬಳಿಗೇ ಕೇಳೋ ಹಾಗೆ ಅನ್ನಿ."